ಸೆರಿಟೋಸ್‌ನ ಗ್ಯಾರೇಜಿನಲ್ಲಿ ತುಂಬಿದ ಎರಡು ತೋಟೆ

ರಿವಾಲ್ವರ್ ಕೈಯಲ್ಲೇ ಸಿಡಿದು ಬಲಗೈ ಬೆರಳುಗಳು ಹೋಗಬಹುದಿತ್ತು. ಹೋದರೆ, ಎಡಗೈಯಲ್ಲಿ ಊಟ ಮಾಡುವ ಮಗನನ್ನು ಉಡುಪಿಯಲ್ಲಿ ನಮ್ಮಮ್ಮ ಯಾವ ಪಂಕ್ತಿಯಲ್ಲಿ ಕೂರಿಸುತ್ತಾಳೆ ಎನ್ನುವುದು ಬೇರೆಯೇ ಚಿಂತೆ. ಒಂದು ತೋಟೆಗೆ ಎರಡು ಸಲ ಮದ್ದು ಬಿದ್ದಿರಬಹುದಿತ್ತು. ಬೀಳದೆಯೇ ಇರಬಹುದಿತ್ತು, ಆಗ ಗುಂಡು ನಳಿಗೆಯ ಮಧ್ಯದಲ್ಲಿ ಕೂತು, ಹಿಂದಿನಿಂದ ಬಂದ ಗುಂಡು ಅದಕ್ಕೆ ಗುದ್ದಿ, ಮತ್ತೆ ಅದೇ ಬೆರಳುಗಳು. ಗ್ಯಾರೇಜಿಗೆ ಬೆಂಕಿ ಬೀಳಬಹುದಿತ್ತು. ಬಿಸಿನೀರಿನ ಗ್ಯಾಸ್ ಹೀಟರ್ ಮೂಲೆಯಲ್ಲೇ ಇತ್ತು, ಬೀದಿ ಪೂರ್ತಿ ಹೋಗುತ್ತಿತ್ತು. ಫ್ರೀವೇಯಲ್ಲಿ ಪೊಲೀಸ್ ನಿಲ್ಲಿಸಿ ಕಾರಿನ ಹಿಂದಿನ ಟ್ರಂಕ್ ತೆಗೆಸಬಹುದಿತ್ತು, ನಾನು ಗಾಬರಿಯಲ್ಲಿ ಲೈಸೆನ್ಸ್ ತೆಗೆಯಲು ಜೇಬಿಗೆ ಕೈ ಹಾಕಬಹುದಿತ್ತು, ಅವನು ಆ ಕೈಯನ್ನು ತಪ್ಪಾಗಿ ತಿಳಿಯಬಹುದಿತ್ತು. ಬೆಟ್ಟದ ಒಣಹುಲ್ಲಿಗೆ ಕಿಡಿ ಹಾರಿ, ಹೆಲಿಕಾಪ್ಟರ್ ಬಂದು, ಸಂಜೆ ಟೀವಿ ನ್ಯೂಸಿನಲ್ಲಿ ನನ್ನ ಮುಖ ಬರಬಹುದಿತ್ತು. ಸೀಸದ ಪುಡಿ ಉಗುರಿನ ಸಂದಿಯಿಂದ ಚಪಾತಿ ಹಿಟ್ಟಿಗೆ ಹೋಗಬಹುದಿತ್ತು.

ಇನ್ನೊಂದಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂಕಲ್ ಆ ತೋಟೆಗಳಲ್ಲಿ ಒಂದನ್ನು ತಮ್ಮ ಮೇಲೇ ಬಳಸಿಕೊಳ್ಳಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ನನ್ನಂಥ ಹುಟ್ಟು ಚಿಂತೆಗಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿಲ್ಲ.

ಅಂಕಲ್ ಅಂದರೆ ಸಂಬಂಧಿಕರಲ್ಲ. ನಾವು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಸೆರಿಟೋಸ್‌ನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದ ಕೊಡಗಿನವರು. ಅರವತ್ತರ ದಶಕದಲ್ಲೇ ಬಂದು, ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ದುಡಿದು ರಿಟೈರ್ ಆಗಿದ್ದರು. ನಾನು ಭಟ್ಟನಲ್ಲ, ಆದರೆ ಉಡುಪಿ ಕಡೆಯವರೆಲ್ಲ ಅವರಿಗೆ ಭಟ್ಟರೇ. ಎರಡು ವರ್ಷದ ಪರಿಚಯದಲ್ಲಿ ಅವರು ನನ್ನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ನಾನು ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವವನು. ಆ ವರ್ಷಗಳಲ್ಲಿ ಲಾಸ್ ಏಂಜಲೀಸ್ ಸುತ್ತ ಅಂಥ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ನಮ್ಮದೂ ಮುಚ್ಚಿತು. ಹೆಂಡತಿ ಬ್ಯಾಂಕಿನ ಕೆಲಸಕ್ಕೆ ಹೋದಮೇಲೆ ನಾನು ಕಿಟಕಿಯ ಪಕ್ಕ ಕೂತು ಒಂದು ಚಿಂತೆ ಮುಗಿಸಿ ಇನ್ನೊಂದು ಎತ್ತಿಕೊಳ್ಳುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಅಂಕಲ್ ಫೋನ್ ಮಾಡಿದರು.

"ಭಟ್ರೇ, ಖಾಲಿ ಇದ್ದೀರಲ್ಲ? ಬನ್ನಿ. ಒಂದು ಕೆಲಸ ಉಂಟು. ಸಂಬಳ ಇಲ್ಲ, ಕಾಫಿ ಉಂಟು."

ಅವರಿಗೆ ಕ್ಯಾನ್ಸರ್ ಎಂದು ನಮಗೆಲ್ಲ ಬೇಸಿಗೆಯಲ್ಲೇ ಗೊತ್ತಾಗಿತ್ತು. ಲಿವರ್. ಹೋಗುವ ದಾರಿಯಲ್ಲಿ ಏನು ಮಾತಾಡಬೇಕು ಎಂದು ಮೂರ್ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡೆ. ಒಂದೂ ಬೇಕಾಗಲಿಲ್ಲ. ಗ್ಯಾರೇಜಿನಲ್ಲಿ, ವಾಷಿಂಗ್ ಮಷೀನಿನ ಪಕ್ಕದ ಮೇಜಿನ ಮೇಲೆ, ಟವೆಲ್ ಹಾಸಿ ಒಂದು ರಿವಾಲ್ವರ್ ಇಟ್ಟಿದ್ದರು. ಕಪ್ಪು ಬಣ್ಣ ಅಲ್ಲಲ್ಲಿ ಹೋಗಿ ಬೂದಿಯಾಗಿತ್ತು. ಹಿಡಿಯ ಕೆಳಗೆ ಒಂದು ಕಬ್ಬಿಣದ ಬಳೆ.

"ಬ್ರಿಟಿಷ್ ಮಿಲಿಟರಿಯದು," ಎಂದರು. "ನಮ್ಮಪ್ಪನ ಸೊಂಟದಲ್ಲಿ ಇಂಥದ್ದೇ ಇತ್ತು, ಬರ್ಮಾಕ್ಕೆ ಹೋದಾಗ."

"ಇದು ಅವರದ್ದೇನಾ?"

"ಅವರದ್ದೆಲ್ಲಿಂದ ಬರ್ತದೆ! ಪೊಮೋನಾದಲ್ಲಿ ಹಳೆ ಕೋವಿ ಮಾರುವವನ ಹತ್ರ ತಗೊಂಡದ್ದು. ಅಪ್ಪನ ಹಾಗೆ ಇರುವ ಯಾರನ್ನೋ ನೋಡಿದ್ರೆ ಎದ್ದು ನಿಲ್ತೀರಲ್ಲ, ಹಾಗೆ."

ಅದರ ನಡುವನ್ನು ಮುರಿದು ತೋರಿಸಿದರು. ಕೊಕ್ಕೆ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಆರು ತೋಟೆಯ ಮನೆಗಳು ಬಾಯಿ ತೆರೆಯುತ್ತವೆ. ಅದರ ಅಳತೆಯ ತೋಟೆ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಹೊಸ ಕಾಲದ ತೋಟೆಯನ್ನು ಹೇಗೋ ಹೊಂದಿಸಿ ಹಾಕಿದರೆ ಈ ಮುದುಕ ರಿವಾಲ್ವರ್ ಅದರ ಒತ್ತಡ ತಡೆಯುವುದಿಲ್ಲ. ಹಾಗಾಗಿ ನಾವೇ ಕೈಯಾರೆ ತುಂಬಬೇಕು: ಹಿತ್ತಾಳೆ ಚಿಪ್ಪು, ಅದರ ಬುಡಕ್ಕೊಂದು ಕೇಪು, ಮೇಲೆ ಅಳೆದ ಮದ್ದು, ಅದರ ಮೇಲೆ ಸೀಸದ ಗುಂಡು. ಕೇಪು ಅಂದರೆ ಸಾಸಿವೆ ಡಬ್ಬಿಯಲ್ಲಿ ಬಿದ್ದರೆ ಹುಡುಕಬೇಕಾಗುವಷ್ಟು ಪುಟ್ಟ ಲೋಹದ ಬಟ್ಟಲು. ರಿವಾಲ್ವರಿನ ಹಿಂದಿನ ಪುಟ್ಟ ಸುತ್ತಿಗೆ, ಕುದುರೆ ಎನ್ನುತ್ತಾರೆ, ಬಡಿಯುವುದು ಅದಕ್ಕೆ. ಕಿಡಿ ಹುಟ್ಟುವುದು ಅದರಲ್ಲಿ.

"ಯಾತಕ್ಕೆ ಅಂಕಲ್ ಇದೆಲ್ಲ?" ಎಂದೆ.

"ಎರಡು ಗುಂಡು ಬೇಕು," ಎಂದರು. "ನಾನು ಹೋದಾಗ."

ನನ್ನ ಮುಖ ಬಿದ್ದದ್ದನ್ನು ನೋಡಿ ವಿವರಿಸಿದರು. ಅವರ ಕಡೆ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳಕ್ಕೆ ಬಂದು ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ಸತ್ತರೆ ಒಂದರ ಬೆನ್ನಿಗೇ ಇನ್ನೊಂದು, ಎರಡು. ಎರಡು ಕೇಳಿಸಿದರೆ ಸುತ್ತಲಿನವರು ಕೈಲಿದ್ದ ಕೆಲಸ ಬಿಟ್ಟು ಆ ಮನೆಯ ದಾರಿ ಹಿಡಿಯುತ್ತಾರೆ. ಕರೆಯಲು ಯಾರೂ ಹೋಗಬೇಕಾಗಿಲ್ಲ.

"ಇಲ್ಲಿ ಗುಂಡಿನ ಸದ್ದು ಕೇಳಿದ್ರೆ ಜನ ಬರಲ್ಲ ಅಂಕಲ್, ನೆಲಕ್ಕೆ ಮಲಗ್ತಾರೆ," ಎಂದೆ.

"ಅದಕ್ಕೇ ಊರೊಳಗೆ ಬೇಡ. ಸ್ಯಾನ್ ಡಿಯಾಗೋ ಆಚೆ ಬೆಟ್ಟದಲ್ಲಿ ಸರ್ಕಾರಿ ಜಾಗ ಉಂಟು, ಹಾರಿಸ್ಲಿಕ್ಕೆ ಪರವಾನಗಿ ಇರುವಲ್ಲಿ. ಅಲ್ಲಿ ಮಾಡಿ. ಯಾರೂ ಬರುವುದು ಬೇಡ. ಸದ್ದು ಆದ್ರೆ ಸಾಕು."

"ನಾನಾ? ನಾನು ದೀಪಾವಳಿಗೆ ಗರ್ನಾಲಿಗೆ ಕಡ್ಡಿ ಗೀರಿದವನಲ್ಲ. ತಮ್ಮ ಹಚ್ತಿದ್ದ, ನಾನು ಒಳಗಿಂದ ನೋಡ್ತಿದ್ದೆ."

"ಅದಕ್ಕೇ ನೀವು ಬೇಕು. ಧೈರ್ಯ ಇರುವವರು ಈ ಕೆಲಸಕ್ಕೆ ಆಗ್ಲಿಕ್ಕಿಲ್ಲ. ಧೈರ್ಯ ಇರುವವ ಎರಡು ಸಲ ಮದ್ದು ಹಾಕ್ತಾನೆ, ಬೆರಳು ಕಳ್ಕೊಳ್ತಾನೆ. ಹೆದರುಪುಕ್ಕಲ ಮೂರು ಸಲ ನೋಡ್ತಾನೆ."

ನನ್ನ ಆಯುಷ್ಯದಲ್ಲಿ ಅದೊಂದೇ ಸಲ ಒಬ್ಬರು ನನ್ನ ಹೆದರಿಕೆಯನ್ನು ಅರ್ಹತೆ ಎಂದು ಎಣಿಸಿದರು. ಹಿಗ್ಗಿನಲ್ಲಿ ಒಪ್ಪಿಕೊಂಡುಬಿಟ್ಟೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ತಿರುಗಿದಳು. "ನಿಮ್ಮನ್ನ? ಕುಕ್ಕರ್ ಸೀಟಿ ಹೊಡೆದ್ರೆ ಹಾಲ್‌ಗೆ ಓಡ್ತೀರಿ ನೀವು!"

ಅಂಕಲ್ ತಮ್ಮ ಮಗಳನ್ನೇ ಯಾಕೆ ಕೇಳಲಿಲ್ಲ ಎನ್ನುವುದು ಮುಂದಿನ ವಾರಾಂತ್ಯ ತಿಳಿಯಿತು. ಒಬ್ಬಳೇ ಮಗಳು. ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿ ಅಪಾರ್ಟ್‌ಮೆಂಟ್ ಮಾಡಿಕೊಂಡು, ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಡಾಕ್ಟರ್ ಆಗಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಇಂಗ್ಲಿಷ್. ಗ್ಯಾರೇಜಿನ ಬಾಗಿಲಲ್ಲಿ ನಿಂತು ಮೇಜನ್ನು ನೋಡಿ, ತಾನು ಸಂಬಳ ತೆಗೆದುಕೊಳ್ಳುವುದು ಜನರೊಳಗಿಂದ ಈ ಗುಂಡುಗಳನ್ನು ಹೊರಗೆ ತೆಗೆಯಲಿಕ್ಕೆ ಎಂದಳು. ತನ್ನಪ್ಪ ಕೂತು ತುಂಬುತ್ತಿದ್ದಾರೆ ಎಂದು ಅಲ್ಲಿ ಯಾರಿಗೆ ಹೇಳಲಿ ಎಂದಳು.

"ಸದ್ದಿಗೆ ಮಾತ್ರ ಮಗಾ," ಎಂದರು ಅಂಕಲ್.

ಕೋವಿ ಇಟ್ಟುಕೊಂಡವರೆಲ್ಲರೂ ಹಾಗೇ ಹೇಳುತ್ತಾರೆ ಎಂದಳು. ಆಮೇಲೆ, ಹೊರಡುವ ಮೊದಲು, ಒಂದು ಪ್ರಶ್ನೆ ಕೇಳಿದಳು. ನಾನು ಹುಟ್ಟಿದಾಗ ಹಾರಿಸಿದಿರಾ?

ಅಂಕಲ್ ನಕ್ಕರು. "ನೀನು ಹುಟ್ಟಿದ್ದು ಲಾಂಗ್ ಬೀಚ್ ಆಸ್ಪತ್ರೆಯಲ್ಲಿ. ಅಲ್ಲಿ ಆಗ್ಲೇ ಬೇಕಾದಷ್ಟು ಹಾರ್ತಿತ್ತು."

ಅವಳು ನಗಲಿಲ್ಲ. ಹೆಣ್ಣಾದ್ದರಿಂದ ಅಲ್ಲವಾ ಎಂದಳು. ಅಂಕಲ್ ಮದ್ದಿನ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಅದು ಮೊದಲೇ ಬಿಗಿಯಾಗಿತ್ತು.

ಮಧ್ಯಾಹ್ನಗಳು ಹಾಗೆ ಶುರುವಾದವು. ಮೊದಲಿಗೆ ಹಳೆಯ ಚಿಪ್ಪುಗಳನ್ನು ಬೆಳಗಬೇಕಿತ್ತು. ಪುಸ್ತಕದಲ್ಲಿ ಏನೋ ಯಂತ್ರ, ಏನೋ ಪುಡಿ ಹೇಳಿದ್ದರು. ಹಿತ್ತಾಳೆ ತಾನೇ, ನಮ್ಮಮ್ಮ ದೇವರ ದೀಪ ಬೆಳಗುವುದು ಹುಣಸೆಹಣ್ಣಿನಲ್ಲಿ ಎಂದೆ. ಅಂಕಲ್‌ಗೆ ಹುಮ್ಮಸ್ಸು ಬಂತು. ಹುಣಸೆಗಿಂತ ಕಾಚಂಪುಳಿ ಜೋರು ಎಂದು ಒಳಗೆ ಕೂಗಿ ಕೇಳಿದರು. ಹಣ್ಣು ಬತ್ತಿಸಿ ಮಾಡುವ ಆ ಕಪ್ಪು ಹುಳಿ ಊರಿನಿಂದಲೇ ಬರಬೇಕು. ಅವರ ಹೆಂಡತಿ, ನಮಗೆಲ್ಲ ಆಂಟಿ, ಬಾಟಲಿಯನ್ನು ಎದೆಗೊತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತರು.

"ಹಂದಿ ಸಾರಿಗೆ ಬಿಟ್ಟು ಇದು ಇನ್ನೇತಕ್ಕೂ ಇಲ್ಲ. ಕೋವಿಗೆ ಕೊಡೋದಿಲ್ಲ."

"ನಾನೀಗ ಹಂದಿ ತಿನ್ನೋ ಹಾಗಿಲ್ಲವಲ್ಲ!"

"ಮತ್ತೆ ತಿನ್ನೋ ಹಾಗಾದ್ರೆ?"

ಆರ್ಟೀಸಿಯಾದ ಅಂಗಡಿಯಿಂದ ನಾನು ಹುಣಸೆಹಣ್ಣು ತಂದೆ. ಹಳೆ ಬಕೆಟ್ಟಿನಲ್ಲಿ ಇಬ್ಬರೂ ಕೂತು, ಮದುವೆಮನೆಯ ಪಾತ್ರೆ ತಿಕ್ಕುವವರ ಹಾಗೆ, ಚಿಪ್ಪುಗಳನ್ನು ಉಜ್ಜಿದೆವು. ಬಂಗಾರದಂತೆ ಬಂದವು. ಕೇಪು ಕೂರುವ ಗುಳಿಯನ್ನು ನಾನು ಹಲ್ಲುಕಡ್ಡಿಯಿಂದ ಕೆರೆದೆ, ಬಿಸಿಲಿನಲ್ಲಿ ಬಟ್ಟೆ ಹಾಸಿ ಹಪ್ಪಳದ ಹಾಗೆ ಒಣಗಿಸಿದೆ.

ಮದ್ದು ಅಳೆಯುವುದು ಅಕ್ಕಸಾಲಿಯ ತಕ್ಕಡಿಯಂಥದ್ದರಲ್ಲಿ. ಅವರು ಅಳೆದು ಸುರಿಯುತ್ತಿದ್ದರು. ನಾನು ಟಾರ್ಚ್ ಹಿಡಿದು ಒಂದೊಂದು ಚಿಪ್ಪಿನೊಳಗೂ ಇಣುಕಿ, ಮದ್ದು ಎಲ್ಲದರಲ್ಲೂ ಒಂದೇ ಮಟ್ಟದಲ್ಲಿ ಇದೆಯೇ ಎಂದು ನೋಡುತ್ತಿದ್ದೆ. ಆಮೇಲೆ ಮತ್ತೊಮ್ಮೆ. ಅವರು ಬಚ್ಚಲಿಗೆ ಹೋದಾಗ ಇನ್ನೊಮ್ಮೆ. ಕಡೆಗೆ ಬುಡದ ಮೇಲೆ ಹೆಬ್ಬೆರಳು ಸವರಿ ನೋಡಬೇಕು: ಕೇಪು ಪೂರ್ತಿ ಒಳಗೆ ಕೂತಿರಬೇಕು, ಬೆರಳಿಗೆ ಎಡವಬಾರದು. ಎಡವಿದರೆ ಕುದುರೆಯ ಪೆಟ್ಟು ಅದನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ, ಕಿಡಿ ಹುಟ್ಟುವುದಿಲ್ಲ. ಒಂದೂ ಎಡವಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ನನ್ನ ಹೆಬ್ಬೆರಳಿಗೆ ಸಿಕ್ಕ ಮೊದಲ ಉದ್ಯೋಗ.

ಎರಡನೆಯದೋ ಮೂರನೆಯದೋ ಮಧ್ಯಾಹ್ನ, ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಆಂಟಿ ಹತ್ತಿರ ಬಂದರು. "ತುಂಬಿದ್ದನ್ನೆಲ್ಲ ನಿಮ್ಮನೆಗೆ ತಗೊಂಡ್ಹೋಗ್ತೀರಾ?" ಎಂದರು. ಅವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಅವರು ಹೆದರಿದ್ದು ಯಾವುದಕ್ಕೆ ಎಂದು ನನಗೆ ಆಗಲೇ ಗೊತ್ತಿತ್ತು, ಯಾಕೆಂದರೆ ನಾನು ಅದಕ್ಕೆ ಅವರಿಗಿಂತ ಮೊದಲೇ ಹೆದರಿದ್ದೆ. ನೋವಿನ ಮಾತ್ರೆ ಸಾಲದೆ ಅಂಕಲ್ ರಾತ್ರಿಯೆಲ್ಲ ಹಾಲ್‌ನಲ್ಲಿ ಓಡಾಡುವ ದಿನಗಳು ಅವು. ಅಂದಿನಿಂದ ತೋಟೆಗಳು ನಮ್ಮನೆಯಲ್ಲಿ, ರಿವಾಲ್ವರ್ ಅವರ ಮನೆಯ ಬೀಗದ ಪೆಟ್ಟಿಗೆಯಲ್ಲಿ, ಬೀಗದ ಕೈ ಆಂಟಿಯ ಕುಪ್ಪಸದಲ್ಲಿ. ಅಂಕಲ್ ಏನೂ ಕೇಳಲಿಲ್ಲ. ಅವರಿಗೆ ತಿಳಿದಿತ್ತು ಎಂದೇ ನನ್ನ ಅಂದಾಜು.

ಒಮ್ಮೆ ಮಾತ್ರ, ಅಲ್ಲಿಯವರೆಗೆ ತುಂಬಿದ್ದನ್ನು ಹಾರಿಸಿ ನೋಡಲು, ಆಂಟಿಯೂ ಸೇರಿ ಮೂವರೂ ಬೆಟ್ಟದ ಕಡೆಯ ಶೂಟಿಂಗ್ ರೇಂಜಿಗೆ ಹೋದೆವು. ನಾನು ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಅವರು ಕೊಟ್ಟ ಇಯರ್‌ಮಫ್ ಹಾಕಿದೆ. ಮೊದಲ ಗುಂಡಿಗೆ ನನ್ನ ಕನ್ನಡಕ ಮೂಗಿನ ತುದಿಗೆ ಬಂತು. ಗುರಿಯ ಹಲಗೆ ಕನ್ಯೆಯಾಗಿಯೇ ಉಳಿಯಿತು.

"ಪರ್ವಾಗಿಲ್ಲ ಭಟ್ರೇ, ನೀವು ಹೊಡೀಬೇಕಾದ್ದು ದಿಬ್ಬಕ್ಕೆ. ದಿಬ್ಬ ತಪ್ಪಿಸ್ಲಿಕ್ಕೆ ನಿಮ್ಮಿಂದಲೂ ಆಗ್ಲಿಕ್ಕಿಲ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಒಂದು ನೆನಪಿಡಿ. ಟಕ್ ಅಂತ ಸುಮ್ಮನಾದ್ರೆ ಕೈ ತಿರುಗಿಸಬೇಡಿ, ತೆರೆದು ನೋಡ್ಬೇಡಿ. ದಿಬ್ಬದ ಕಡೆಗೇ ಹಿಡ್ಕೊಂಡು ಒಂದು ನಿಮಿಷ ಕಾಯಿರಿ. ಒಳಗೆ ಬೆಂಕಿ ನಿಧಾನಕ್ಕೆ ನಡೀತಾ ಇರಬಹುದು."

ಸೆಪ್ಟೆಂಬರಿನಲ್ಲಿ ಅವರ ಕಡೆಯ ಆಯುಧಪೂಜೆ ಬಂತು, ನಮ್ಮದಕ್ಕಿಂತ ಮೊದಲೇ ಬರುವ ಹಬ್ಬ. ಅಷ್ಟರಲ್ಲಿ ಅಂಕಲ್ ಕುರ್ಚಿಯಿಂದ ಏಳಬೇಕಾದರೆ ನನ್ನ ಭುಜ ಬೇಕಿತ್ತು. ಕೈ ನಡುಗುತ್ತಿತ್ತು. ಅಂದು ಬೆಳಗ್ಗೆ ಹಾಲ್‌ನಲ್ಲಿ, ದೇವರ ಫೋಟೋದ ಮುಂದೆ ರಿವಾಲ್ವರ್ ಇಟ್ಟಿದ್ದರು. ಊರಲ್ಲಿ ಕೋವಿಯ ಬಾಯಿಗೆ ಸಿಕ್ಕಿಸುವ ಕೆಂಪು ಹೂ ಸೆರಿಟೋಸ್‌ನಲ್ಲಿ ಎಲ್ಲಿಂದ ಬರಬೇಕು; ಆಂಟಿ ಹಿತ್ತಲಿನ ದಾಸವಾಳ ಸಿಕ್ಕಿಸಿದ್ದರು.

"ಇವತ್ತು ಎರಡು ನಾನೇ ತುಂಬ್ತೇನೆ," ಎಂದರು ಅಂಕಲ್. "ಆ ಎರಡು. ನೀವು ಮದ್ದು ಮಾತ್ರ ನೋಡಿ."

ಕೇಪು ಕೂರಿಸಲು ಒಂದು ಕೈಯಿಕ್ಕಳದಂಥ ಸಲಕರಣೆ ಇತ್ತು; ಹಿಡಿದು ಅದುಮಬೇಕು. ಮೊದಲನೆಯದು ಕೂತಿತು. ಎರಡನೆಯದಕ್ಕೆ ಎರಡೂ ಕೈ ಸೇರಿಸಿ ಅದುಮಿದರು. ಹಣೆಯ ನರ ಉಬ್ಬಿತು. ನಾನು ಕೈ ಮುಂದೆ ಚಾಚಿದೆ.

"ಮುಟ್ಬೇಡ," ಎಂದರು. ನನಗೆ ಅವರು ಏಕವಚನ ಹಾಕಿದ್ದು ಅದೇ ಮೊದಲು.

ಮದ್ದು ಹಾಕಿದರು, ನಾನು ಟಾರ್ಚಿನಲ್ಲಿ ನೋಡಿದೆ, ಗುಂಡು ಕೂರಿಸಿದರು. ಎರಡನ್ನೂ ಹಾಲ್‌ಗೆ ಒಯ್ದು ರಿವಾಲ್ವರ್ ಪಕ್ಕ ತಲೆಕೆಳಗಾಗಿ ನಿಲ್ಲಿಸಿ, ತೇಯ್ದ ಗಂಧವನ್ನು ಬೆರಳಲ್ಲಿ ತೆಗೆದು ಒಂದೊಂದರ ಬುಡಕ್ಕೂ ದಪ್ಪಗೆ ಬೊಟ್ಟಿಟ್ಟರು. ಕೈಮುಗಿದರು. ಆಂಟಿಯೂ ಮುಗಿದರು. ನಾನೂ. ಗಂಧ ಒಣಗಿದ ಮೇಲೆ ಅವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ನಾನು ಕೇಳುವ ಮೊದಲೇ, ನನ್ನ ಕೈಗೆ ಕೊಟ್ಟರು.

"ತಗೊಂಡ್ಹೋಗು. ನಿನ್ನ ಆಂಟಿ ನಿದ್ದೆ ಮಾಡ್ಲಿ. ನಾನು ಹಾಗೆಲ್ಲ ಮಾಡುವವ ಅಲ್ಲ ಮಾರಾಯ. ಎರಡು ಸದ್ದು ಬೇಕು ನನಗೆ. ಒಂದರಲ್ಲಿ ಹೋದ್ರೆ ಲೆಕ್ಕ ತಪ್ತದೆ."

ಅದು ಜೋಕ್ ಎಂದು ಅರ್ಥವಾಗಲು ನನಗೆ ಮನೆ ತಲುಪುವವರೆಗೆ ಬೇಕಾಯಿತು. ನಮ್ಮ ಮೆಟ್ಟಿಲ ಮೇಲೆಯೇ ಸ್ವಲ್ಪ ಹೊತ್ತು ಕೂತಿದ್ದೆ.

ಜನವರಿಯ ಮಳೆಯಲ್ಲಿ ಅಂಕಲ್ ತೀರಿಕೊಂಡರು. ಆಸ್ಪತ್ರೆಯಲ್ಲಿ, ಬೆಳಗಿನ ಕಾಫಿ ಹೊತ್ತಿಗೆ. ಕರೆಯಲು ಗುಂಡಿರಲಿಲ್ಲ, ಆಂಟಿ ಒಬ್ಬೊಬ್ಬರಿಗೇ ಫೋನ್ ಮಾಡಿದರು, ವೆಸ್ಟ್ ಕೊವಿನಾದ ಒಂದು ಮನೆಯಲ್ಲಿ ಆನ್ಸರಿಂಗ್ ಮಷೀನ್ ಸಿಕ್ಕಿ ಅದಕ್ಕೇ ಹೇಳಬೇಕಾಯಿತು. ಬೀಪ್ ಆದಮೇಲೆ ಏನೂ ತೋಚದೆ, "ಅವರು ಹೋದ್ರು, ಇಡ್ತೀನಿ," ಎಂದರಂತೆ. ದಹನ ಮುಗಿಯಿತು. ಮಳೆ ಬಿಟ್ಟ ಮೇಲೆ ಒಂದು ಶನಿವಾರ ನಾನು ಮತ್ತು ಆಂಟಿ ಐದನೇ ನಂಬರ್ ಫ್ರೀವೇ ಹಿಡಿದು ಸ್ಯಾನ್ ಡಿಯಾಗೋಗೆ ಹೋದೆವು. ಟ್ರಂಕಿನಲ್ಲಿ ಬೀಗ ಹಾಕಿದ ಪೆಟ್ಟಿಗೆ. ತೋಟೆ ಬೇರೆ, ಬಿಳಿ ಬಟ್ಟೆಯಲ್ಲಿ. ನಾನು ಅಷ್ಟು ನಿಧಾನ ಓಡಿಸಿದೆನೆಂದರೆ, ನಿಧಾನಕ್ಕೇ ಪೊಲೀಸ್ ನಿಲ್ಲಿಸುತ್ತಾನೆ ಎಂಬ ಹೊಸ ಚಿಂತೆ ಶುರುವಾಯಿತು.

ಮಗಳು ಬರುವುದಿಲ್ಲ ಎಂದಿದ್ದಳು. ಅವಳ ಅಪಾರ್ಟ್‌ಮೆಂಟಿನಲ್ಲಿ ಚಹಾ ಕುಡಿದು ಎದ್ದಾಗ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಿಮ್ಮ ಕೈಗೆ ಏನಾದರೂ ಆದರೆ ಅಲ್ಲಿ ಡಾಕ್ಟರ್ ಬೇಡವೇ ಎಂದಳು. ನನಗೆ ತುಂಬ ಸಮಾಧಾನವಾಯಿತು ಎಂದು ಹೇಳಲಾರೆ.

ಬೆಟ್ಟದ ಮೇಲೆ ಗಾಳಿಯಿತ್ತು, ಚಳಿಯಿತ್ತು. ನೆಲ ಒದ್ದೆ, ಬೆಂಕಿಯ ಚಿಂತೆಯನ್ನು ಒಲ್ಲದ ಮನಸ್ಸಿನಿಂದ ಕೈಬಿಟ್ಟೆ. ಮುಂದೆ ಮಣ್ಣಿನ ದಿಬ್ಬ, ಸುತ್ತ ಕುರುಚಲು, ಯಾರೂ ಇಲ್ಲ. ರಿವಾಲ್ವರ್ ತೆರೆದೆ, ಬಟ್ಟೆ ಬಿಚ್ಚಿದೆ. ಅಭ್ಯಾಸಬಲದಿಂದ ಬುಡದ ಮೇಲೆ ಹೆಬ್ಬೆರಳು ಸವರಿದೆ. ಒಣಗಿದ ಗಂಧ, ದಪ್ಪಗೆ, ಬಿಲ್ಲೆಯ ಹಾಗೆ. ಅವರ ಬೆರಳಿನ ಗುರುತು ಅದರ ಮೇಲೆ ಹಾಗೇ ಇತ್ತು. ಉಗುರು ತಾಗಿಸಲು ಮನಸ್ಸು ಬರಲಿಲ್ಲ. ಎರಡನ್ನೂ ಅಕ್ಕಪಕ್ಕದ ಮನೆಗಳಿಗೆ ಇಳಿಸಿ ಮುಚ್ಚಿದೆ. ಆಂಟಿ ಸೆರಗು ಬಿಗಿ ಮಾಡಿಕೊಂಡು ಕಾರಿನ ಪಕ್ಕ ನಿಂತರು. ಮಗಳು ಅವರ ಕೈ ಹಿಡಿದುಕೊಂಡಳು.

ಮೊದಲ ಗುಂಡು ಹಾರಿತು. ಸದ್ದು ಎದುರಿನ ಬೆಟ್ಟಕ್ಕೆ ಹೋಗಿ ಬಡಿದು ವಾಪಸ್ ಬಂತು.

ಮತ್ತೆ ಒತ್ತಿದೆ. ಟಕ್.

ಅಷ್ಟೇ. ಟಕ್.

ಹೇಳಿಕೊಟ್ಟಂತೆ ಕೈ ತಿರುಗಿಸಲಿಲ್ಲ. ದಿಬ್ಬದ ಕಡೆಗೇ ಹಿಡಿದು ನಿಂತೆ. ಇಷ್ಟು ತಿಂಗಳು ಪಟ್ಟಿ ಮಾಡಿದ ಎಲ್ಲ ಅನಾಹುತಗಳೂ ಒಟ್ಟಿಗೆ ನೆನಪಾದವು, ಇದು ಮಾತ್ರ ಅದರಲ್ಲಿ ಇರಲಿಲ್ಲ. ತೋಳು ನೋಯಲು ಶುರುವಾಯಿತು. ಒಂದು ಹಕ್ಕಿ, ಮೊದಲ ಸದ್ದಿಗೆ ಎದ್ದದ್ದು, ತಿರುಗಿ ಬಂದು ಕುರುಚಲಿನ ಮೇಲೆ ಕೂತಿತು.

"ಒಂದೇ ಆಯ್ತಲ್ಲ," ಎಂದರು ಹಿಂದಿನಿಂದ ಆಂಟಿ. "ಒಂದೇ ಅಂದ್ರೆ ಅದು... ಅದು ಸಾವಿಗಲ್ಲ."

ಮಗಳು ಹೇಳಿದಳು, ಇಂಗ್ಲಿಷಿನಲ್ಲೇ, ಬಹಳ ಮೆತ್ತಗೆ: ಹಾಗಾದರೆ ಅದು ನನ್ನದು.

ನಾನು ಹಿಂದೆ ತಿರುಗಿ ನೋಡುವಂತಿರಲಿಲ್ಲ. ದಿಬ್ಬವನ್ನೇ ನೋಡುತ್ತಾ, ಅಂಕಲ್ ಹೇಳಿದ್ದಕ್ಕಿಂತ ಹೆಚ್ಚೇ ಹೊತ್ತು, ಯಾರೂ ಅವಸರ ಮಾಡದೆ ಇದ್ದುದರಿಂದ, ಹಾಗೇ ನಿಂತಿದ್ದೆ.

ಆಮೇಲೆ ತೆರೆದೆ. ಖಾಲಿ ಚಿಪ್ಪೂ ಹಾರದ ತೋಟೆಯೂ ಕಾಲ ಬುಡಕ್ಕೆ ಬಿದ್ದವು. ತೋಟೆ ಎತ್ತಿಕೊಂಡು ಗಂಧವನ್ನು ಒರೆಸಿದೆ. ಕೇಪಿನ ಮೇಲೆ ಕುದುರೆಯ ಮೊನೆಯ ಗುರುತು ಹಗುರವಾಗಿ ಬಿದ್ದಿತ್ತು. ಅವರ ನಡುಗುವ ಎರಡು ಕೈಗೂ ಕೂರದೆ ಒಂದು ಕೂದಲೆಳೆ ಹೊರಗುಳಿದಿದ್ದದ್ದು, ಗಂಧದ ಕೆಳಗೆ ನನ್ನ ಹೆಬ್ಬೆರಳಿಗೆ ತಪ್ಪಿಸಿಕೊಂಡದ್ದು, ಕುದುರೆಯ ಪೆಟ್ಟಿಗೆ ಈಗ ಸರಿಯಾಗಿ ಕೂತಿತ್ತು. ಮತ್ತೆ ಇಳಿಸಿ ಮುಚ್ಚಿ ಒತ್ತಿದೆ. ಹಾರಿತು.

ಕೆಟ್ಟದ್ದು ಆದದ್ದು ಇಷ್ಟೇ. ಎರಡನೆಯದು ಸ್ವಲ್ಪ ತಡವಾಯಿತು.